ಯೋಜನಾ ಕಾಮಗಾರಿಗಳಲ್ಲಿ ಮಹಿಳೆಯ ಪಾತ್ರ ಮತ್ತು ಮನ್ನಣೆ

(ವಿಜಯಪುರ, ತಿಕೋಟಾ ಹಾಗೂ ಬಬಲೇಶ್ವರ ತಾಲ್ಲೂಕುಗಳ ಗ್ರಾಮ ಪಂಚಾಯತಿ ಸದಸ್ಯರಿಗಾಗಿ ನೀಡಿದ ಉಪನ್ಯಾಸದ ಪಠ್ಯ)



ಈ ಭಾಗದ ಹೊಲಗಳಲ್ಲಿ, ದ್ರಾಕ್ಷಿ ತೋಟಗಳಲ್ಲಿ ಕೂಲಿಯ ಮಾತು ಬಂದಾಗ ಎರಡು ಪದಗಳು ಕೇಳಿಬರುತ್ತವೆ: ಗಂಡಾಳು ಮತ್ತು ಹೆಣ್ಣಾಳು. ಪದ ಎರಡಾದ ಕೂಡಲೇ ದರವೂ ಎರಡಾಗುತ್ತದೆ. ಸಮಾನ ಕೆಲಸಕ್ಕೆ ಸಮಾನ ವೇತನ ನೀಡಬೇಕೆಂಬ ಕಾಯ್ದೆ 1976ರಲ್ಲಿಯೇ ಬಂದಿದ್ದರೂ ಹೊಲದ ಬದುವಿನವರೆಗೆ ಅದು ತಲುಪಲಿಲ್ಲ. ಈ ಎರಡು ಪದಗಳನ್ನು ಒಂದಾಗಿಸಿದ್ದು 2005ರ ಉದ್ಯೋಗ ಖಾತರಿ ಕಾಯ್ದೆ. ನರೇಗಾ ಹಾಜರಾತಿ ಪಟ್ಟಿಯಲ್ಲಿ ಗಂಡಾಳು, ಹೆಣ್ಣಾಳು ಎಂಬ ಪ್ರತ್ಯೇಕ ದರಗಳಿಲ್ಲ. 2025ರ ಏಪ್ರಿಲ್ 1ರಿಂದ ರಾಜ್ಯದಲ್ಲಿ ನಿಗದಿಯಾದ ದಿನಗೂಲಿ 370 ರೂಪಾಯಿ ಆಗಿತ್ತು. ಅದು ಇಬ್ಬರಿಗೂ ಒಂದೇ. ಫಲಾನುಭವಿಗಳಲ್ಲಿ ಕನಿಷ್ಠ ಮೂರನೆಯ ಒಂದು ಭಾಗ ಮಹಿಳೆಯರಿರಬೇಕೆಂಬ ನಿಯಮವೂ ಅದೇ ಕಾಯ್ದೆಯ ಅನುಸೂಚಿಯಲ್ಲಿದೆ.

ದರ ಒಂದಾಯಿತು, ಪಾತ್ರಗಳು ಹಾಗೆಯೇ ಉಳಿದವು. ಕೆರೆಯ ಹೂಳೆತ್ತುವ ಕಾಮಗಾರಿಯಾಗಲಿ, ಬದು ನಿರ್ಮಾಣವಾಗಲಿ, ಗುದ್ದಲಿ ಪುರುಷನ ಕೈಯಲ್ಲಿ, ಬುಟ್ಟಿ ಮಹಿಳೆಯ ತಲೆಯ ಮೇಲೆ ಇರುತ್ತದೆ. ಇದನ್ನು ಯಾವ ಆದೇಶವೂ ವಿಧಿಸಿಲ್ಲ. ರೂಢಿಯು ಆದೇಶಕ್ಕಿಂತ ಗಟ್ಟಿ.

ಈ ರೂಢಿಯ ಪರಿಣಾಮ ಅಳತೆಯಲ್ಲಿ ಕಾಣಿಸಿಕೊಳ್ಳುತ್ತದೆ. ಆದುದರಿಂದ ಇಲ್ಲಿ ಸ್ವಲ್ಪ ತಾಂತ್ರಿಕ ವಿವರ ಅಗತ್ಯ. ಅಳತೆ ಪುಸ್ತಕದಲ್ಲಿ ದಾಖಲಾಗುವುದು ಗುಂಡಿಯ ಉದ್ದ, ಅಗಲ, ಆಳ. ಆ ಗುಂಡಿಯ ಮಣ್ಣನ್ನು ಹೊತ್ತು ಮೇಲೇರಿ ಸುರಿದು ಬಂದವರ ನಡಿಗೆ ಅಲ್ಲಿ ಕಾಣದು. ಮಣ್ಣು ಕೆಲಸದ ಮೂಲ ದರದಲ್ಲಿ ಸಾಮಾನ್ಯವಾಗಿ 50 ಮೀಟರ್ ದೂರದ ಸಾಗಣೆ ಹಾಗೂ 1.5 ಮೀಟರ್ ಎತ್ತರದವರೆಗಿನ ಎತ್ತುವಿಕೆ ಸೇರಿರುತ್ತವೆ. ಮಣ್ಣು ಸುರಿಯುವ ಸ್ಥಳ 80 ಮೀಟರ್ ದೂರದಲ್ಲಿದ್ದರೆ ಉಳಿದ 30 ಮೀಟರಿಗೆ ಹೆಚ್ಚುವರಿ ಸಾಗಣೆ ದರವನ್ನು ಅಂದಾಜು ಪತ್ರಿಕೆಯಲ್ಲಿಯೇ ಸೇರಿಸಬೇಕು. ಸೇರಿಸದಿದ್ದರೆ ಆ ದೂರವನ್ನು ದಿನವಿಡೀ ನಡೆದ ಮಹಿಳೆಯ ದುಡಿಮೆಗೆ ಲೆಕ್ಕವೇ ಇಲ್ಲ. ಇಷ್ಟರಲ್ಲಿಯೇ ಮುಗಿಯುವುದಿಲ್ಲ. ಸಾಗಣೆ ನಿಧಾನವಾದಾಗ ಅಗೆತವೂ ನಿಲ್ಲುತ್ತದೆ, ಗುಂಡಿ ಚಿಕ್ಕದಾಗುತ್ತದೆ, ಇಡೀ ಗುಂಪಿನ ಕೂಲಿ ನಿಗದಿತ ದರಕ್ಕಿಂತ ಕೆಳಗಿಳಿಯುತ್ತದೆ. ಆಗ ಗುಂಪಿನಲ್ಲಿ ಕೇಳಿಬರುವ ಮಾತು ಒಂದೇ: ಹೆಣ್ಣುಮಕ್ಕಳು ಸಾವಕಾಶ ಮಾಡಿದರು. ಅಂದಾಜು ಪತ್ರಿಕೆಯಲ್ಲಿ ಬಿಟ್ಟುಹೋದ ಒಂದು ಸಾಲಿನ ದೋಷ ಹೀಗೆ ಬುಟ್ಟಿ ಹೊತ್ತವಳ ತಲೆಯ ಮೇಲೆ ಬೀಳುತ್ತದೆ.

ಗುದ್ದಲಿ–ಬುಟ್ಟಿಯ ಈ ಜೋಡಿ ಪದ್ಧತಿಯಿಂದ ಹೆಚ್ಚು ಪೆಟ್ಟು ತಿನ್ನುವವರು ಜೋಡಿ ಇಲ್ಲದವರು. ವಿಧವೆಯರು, ಪರಿತ್ಯಕ್ತೆಯರು, ಮಾಜಿ ದೇವದಾಸಿ ಮಹಿಳೆಯರು ಕೆಲಸ ಕೇಳಿ ಬಂದಾಗ, ಜೊತೆಗೆ ಅಗೆಯುವವರು ಯಾರೆಂಬ ಪ್ರಶ್ನೆ ಎದುರಾಗುತ್ತದೆ. ಕಾಯ್ದೆಯಲ್ಲಿ ಇಂಥ ಪ್ರಶ್ನೆಗೆ ಅವಕಾಶವಿಲ್ಲ. ಕೆಲಸ ಬೇಡುವ ಹಕ್ಕು ಜೋಡಿಗೆ ಸೇರಿದ್ದಲ್ಲ. ಸಸಿ ನೆಡುವಿಕೆ, ನರ್ಸರಿ, ನೀರುಣಿಸುವಿಕೆಯಂತಹ ಕಾಮಗಾರಿಗಳನ್ನು ಕ್ರಿಯಾ ಯೋಜನೆಯಲ್ಲಿ ಸೇರಿಸಿದರೆ ಒಂಟಿ ಮಹಿಳೆಗೆ ದಾರಿ ಸುಗಮವಾಗುವುದು ನಿಜ. ಆದರೆ ಅವಳನ್ನು ಹಗುರ ಕೆಲಸಕ್ಕೆ ಮಾತ್ರ ಮೀಸಲಿಡುವುದು ಪರಿಹಾರವಲ್ಲ. ಮಹಿಳೆಯರದೇ ಗುಂಪು ರಚನೆಯಾದಲ್ಲಿ ಗುದ್ದಲಿಯೂ ಅವರ ಕೈಗೇ ಬರುತ್ತದೆ.

ಇನ್ನು ಕಾಯಕ ಬಂಧು. ಬಸವಣ್ಣನವರ ಜಿಲ್ಲೆಗೆ ಈ ಪದನಾಮ ಸಹಜವಾಗಿ ಒಪ್ಪುತ್ತದೆ. ಆಯ್ದಕ್ಕಿ ಲಕ್ಕಮ್ಮ, ಕದಿರೆ ರೆಮ್ಮವ್ವೆ, ಕೊಟ್ಟಣದ ಸೋಮಮ್ಮ ಎಂಬ ಶರಣೆಯರ ಹೆಸರುಗಳನ್ನು ಗಮನಿಸಬೇಕು. ಅಕ್ಕಿ ಆಯುವುದು, ನೂಲುವುದು, ಭತ್ತ ಕುಟ್ಟುವುದು, ಹೀಗೆ ಅವರ ಹೆಸರಿನ ಮುಂದೆ ನಿಂತದ್ದು ಅವರದೇ ಕೆಲಸ, ಗಂಡನ ಹೆಸರಲ್ಲ. ವಿಜಯಪುರ ನಗರದ ಎರಡು ಪ್ರಸಿದ್ಧ ಜಲಾಶ್ರಯಗಳಿಗೂ ಮಹಿಳೆಯರ ನೆನಪು ಅಂಟಿಕೊಂಡಿದೆ: ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ರಾಣಿ ತಾಜ್ ಸುಲ್ತಾನಾಳ ಗೌರವಾರ್ಥವಾಗಿ 1620ರಲ್ಲಿ ಕಟ್ಟಿದ ತಾಜ್ ಬಾವಡಿ, ಜಹಾನ್ ಬೇಗಂಳ ಸ್ಮರಣೆಯ 1651ರ ಬೇಗಂ ತಲಾಬ್. ಅಲ್ಲಿ ಉಳಿದದ್ದು ರಾಣಿಯರ ಹೆಸರು. ಕಲ್ಲುಮಣ್ಣು ಹೊತ್ತವರದು ಉಳಿಯಲಿಲ್ಲ. ಅರಸೊತ್ತಿಗೆಯಲ್ಲಿ ಅದು ಅಚ್ಚರಿಯಲ್ಲ. ಪಂಚಾಯತಿಯ ಕೈಯಲ್ಲಿ ಹಾಜರಾತಿ ಪಟ್ಟಿ, ಉದ್ಯೋಗ ಚೀಟಿ, ನಾಮಫಲಕ, ಠರಾವು ಪುಸ್ತಕಗಳಿರುವ ಕಾಲದಲ್ಲಿ ಹಾಗಾದರೆ ಅದಕ್ಕೆ ಸಮರ್ಥನೆ ಇರದು.

2023ರ ಜನವರಿ 1ರಿಂದ ಸಮುದಾಯ ಕಾಮಗಾರಿಗಳ ಹಾಜರಾತಿಯನ್ನು ಎನ್.ಎಂ.ಎಂ.ಎಸ್. ಆ್ಯಪ್ ಮೂಲಕ ದಿನಕ್ಕೆ ಎರಡು ಬಾರಿ ಛಾಯಾಚಿತ್ರ ಸಹಿತ ದಾಖಲಿಸುವುದು ಕಡ್ಡಾಯವಾಯಿತು. ಅಂದಿನಿಂದ ಕಾಯಕ ಬಂಧುವಿನ ಕೆಲಸಕ್ಕೆ ಸ್ಮಾರ್ಟ್‌ಫೋನು ಬೇಕಾಯಿತು. ಮನೆಯಲ್ಲಿರುವ ಒಂದೇ ಫೋನು ಬಹುಪಾಲು ಗಂಡನ ಅಥವಾ ಮಗನ ಕಿಸೆಯಲ್ಲಿರುತ್ತದೆ. ದಾಖಲೆಯಲ್ಲಿ ಪತ್ನಿಯ ಹೆಸರು, ಸ್ಥಳದಲ್ಲಿ ಪತಿ ಎಂಬ ಸ್ಥಿತಿ ಉಂಟಾಗುವುದು ಹೀಗೆ. ಸದಸ್ಯರಿಗೆ ಇದು ಅಪರಿಚಿತ ಸಂಗತಿಯಲ್ಲ. 1987ರ ಮಂಡಲ ಪಂಚಾಯತಿ ಚುನಾವಣೆಯಲ್ಲಿ ಮಹಿಳೆಯರಿಗೆ ಶೇಕಡ 25ರಷ್ಟು ಸ್ಥಾನ ಮೀಸಲಿತ್ತು. ಇಂದು ಶೇಕಡ 50. ಆದರೂ ಸದಸ್ಯೆಯ ಕುರ್ಚಿಯ ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕುವ ಪದ್ಧತಿ ಎಷ್ಟು ಪಂಚಾಯತಿಗಳಲ್ಲಿ ನಿಂತಿದೆ ಎಂಬುದನ್ನು ಸದಸ್ಯರೇ ಬಲ್ಲರು. ಸಭೆಯಲ್ಲಿ ಆ ಕುರ್ಚಿಯನ್ನು ತೆಗೆಸಲಾಗದ ಪಂಚಾಯತಿ, ಕೆಲಸದ ಸ್ಥಳದಲ್ಲಿ ಮಹಿಳಾ ಕಾಯಕ ಬಂಧುವಿನ ಕೈಗೆ ಫೋನು ಬರಿಸುವುದು ಕಷ್ಟಸಾಧ್ಯ.

ಮಕ್ಕಳ ಪಾಲನೆಯ ವಿಷಯದಲ್ಲಿ ಕಾಯ್ದೆ ತುಸು ವಿಚಿತ್ರವಾಗಿದೆ. ಕೆಲಸದ ಸ್ಥಳಕ್ಕೆ ಐದು ಅಥವಾ ಹೆಚ್ಚು ಚಿಕ್ಕ ಮಕ್ಕಳು ಬಂದರೆ ಅವರನ್ನು ನೋಡಿಕೊಳ್ಳಲು ಮಹಿಳೆಯರಲ್ಲಿಯೇ ಒಬ್ಬರನ್ನು ನೇಮಿಸಬೇಕು. ಅವರಿಗೆ ಇತರರಷ್ಟೇ ಕೂಲಿ ನೀಡಬೇಕು. ಪಾಲನೆ ಮಹಿಳೆಯದೇ ಎಂದು ಭಾವಿಸಿದ ಅದೇ ನಿಯಮ, ಪಾಲನೆಯೂ ದುಡಿಮೆ ಎಂದು ಒಪ್ಪಿ ಅದಕ್ಕೆ ಬೆಲೆ ಕಟ್ಟಿದೆ. ಎರಡನೆಯ ಅಂಶದ ಮಹತ್ವ ಕಡಿಮೆಯಲ್ಲ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಂತೆ, ಕೂಲಿಯಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ವ್ಯಯಿಸುತ್ತಾರೆ. ಪುರುಷರು 97 ನಿಮಿಷ. ರಾಜ್ಯದ ಕೂಸಿನ ಮನೆಗಳು ಈ ಭಾರವನ್ನು ಒಂದಿಷ್ಟು ಇಳಿಸಬಲ್ಲವು, ಕೆಲಸದ ಸಮಯದಲ್ಲಿ ಅವುಗಳ ಬಾಗಿಲು ತೆರೆದಿದ್ದರೆ.

ವೈಯಕ್ತಿಕ ಕಾಮಗಾರಿಗಳ ಕುರಿತು ಒಂದು ಮಾತು ಸಾಕು. ದನದ ಕೊಟ್ಟಿಗೆಯಲ್ಲಿ ಸಗಣಿ ಬಾಚುವವಳು, ಹಾಲು ಕರೆಯುವವಳು ಮಹಿಳೆ. ಫಲಾನುಭವಿಗಳ ಪಟ್ಟಿಯಲ್ಲಿ ಇರುವುದು ಹೆಚ್ಚಾಗಿ ಯಜಮಾನನ ಹೆಸರು. ಮಹಿಳಾ ಪ್ರಧಾನ ಕುಟುಂಬಗಳು ಅರ್ಹರ ವರ್ಗದಲ್ಲಿವೆ ಎಂಬುದನ್ನು ಆಯ್ಕೆಯ ಸಭೆಯಲ್ಲಿ ಓದಿ ಹೇಳುವುದು ಸದಸ್ಯರ ಕೆಲಸ.

ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಈ ಭಾಗದ ಕೆರೆಗಳಿಗೆ ಬಂದಿದೆ. ಕೆರೆ, ಕಾಲುವೆ, ಬದುಗಳ ಮಣ್ಣು ಕೆಲಸ ಮುಂದೆಯೂ ಇರುತ್ತದೆ. ಮುಂದಿನ ಕ್ರಿಯಾ ಯೋಜನೆಗೆ ಮುನ್ನ ಮಹಿಳಾ ಗ್ರಾಮ ಸಭೆಯನ್ನು ಬೆಳಗಿನ 11 ಗಂಟೆಗೆ ಕರೆದರೆ, ಬರಬೇಕಾದವರು ಕೂಲಿಯಲ್ಲಿರುತ್ತಾರೆ. ಸಂಜೆ, ಅಥವಾ ಕಾಮಗಾರಿಯ ಸ್ಥಳದಲ್ಲಿಯೇ ಸಭೆ ನಡೆಯಲಿ. ಯಾರು ಯಾವ ಕೆಲಸ ಕೇಳಿದರೆಂಬುದು ಅವರ ಹೆಸರಿನೊಂದಿಗೆ ನಡಾವಳಿಯಲ್ಲಿ ದಾಖಲಾಗಲಿ. ಮಹಿಳೆಯರು ಹಾಜರಿದ್ದರು ಎಂಬ ಒಂದು ಸಾಲು ಸಾಲದು. ತಾಂತ್ರಿಕ ಸಹಾಯಕರು ಅಂದಾಜು ತಯಾರಿಸಲು ಟೇಪು ಹಿಡಿದು ಬಂದ ದಿನ, ಬುಟ್ಟಿ ಹೊರುವವರಲ್ಲಿ ಇಬ್ಬರನ್ನಾದರೂ ಸದಸ್ಯರು ಜೊತೆಯಲ್ಲಿ ಕರೆದೊಯ್ಯಲಿ. ಮಣ್ಣು ಎಲ್ಲಿಂದ ಎಲ್ಲಿಗೆ ಹೋಗುವುದೆಂದು ಅವರಿಗೆ ಗೊತ್ತು.