ಸಾಹಿತ್ಯೋತ್ಸವಗಳಲ್ಲಿ ಕ್ವಿಯರ್ ಕಥೆಗಾರರ ಸ್ಥಾನ: ಅಧ್ಯಕ್ಷ ಭಾಷಣ

   

ಸಲಿಂಗಪ್ರೇಮಿಗಳು, ಹೆಣ್ಣು ಗಂಡು ಇಬ್ಬರತ್ತಲೂ ಒಲವುಳ್ಳವರು, ಹುಟ್ಟಿದಾಗ ಗುರುತಿಸಿದ ಲಿಂಗಕ್ಕಿಂತ ಬೇರೆಯಾದ ಲಿಂಗತ್ವವನ್ನು ತಮ್ಮದೆಂದು ಬಾಳುವವರು ಕೇಂದ್ರದಲ್ಲಿರುವ ಕಥೆ, ಕಾದಂಬರಿ, ನಾಟಕಗಳನ್ನು ಇಲ್ಲಿ ಕ್ವಿಯರ್ ಕಥನವೆಂದು ಕರೆಯಲಾಗಿದೆ. ಕನ್ನಡದಲ್ಲಿ ಇಂಥ ಬರವಣಿಗೆ ಇಲ್ಲವೆಂದು ಇಂದು ಯಾರೂ ಹೇಳುವಂತಿಲ್ಲ. ವಸುಧೇಂದ್ರ ಅವರ ‘ಮೋಹನಸ್ವಾಮಿ’ ಕಥಾಸಂಕಲನ 2013ರಲ್ಲಿ ಹೊರಬಂದಿತು. ಅದೇ ವರ್ಷದ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು, ದೆಹಲಿ ಹೈಕೋರ್ಟಿನ 2009ರ ತೀರ್ಪನ್ನು ತಳ್ಳಿಹಾಕಿ ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ಭಾರತೀಯ ದಂಡಸಂಹಿತೆಯ 377ನೇ ಕಲಮಿಗೆ ಮರುಜೀವ ಕೊಟ್ಟಿತೆಂಬುದನ್ನು ನೆನೆದರೆ, ಆ ಪುಸ್ತಕ ಎಂಥ ಕಾಲದಲ್ಲಿ ಓದುಗರ ಕೈಸೇರಿತೆಂಬುದು ತಿಳಿಯುತ್ತದೆ. ಟ್ರಾನ್ಸ್ ಲೇಖಕಿ ಎ. ರೇವತಿಯವರ ಆತ್ಮಕಥೆ ದು. ಸರಸ್ವತಿಯವರ ಮೂಲಕ ‘ಬದುಕು ಬಯಲು’ ಆಗಿ ಕನ್ನಡಕ್ಕೆ ಬಂದು ರಂಗವನ್ನೂ ಏರಿತು. ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದ, 2021ರಲ್ಲಿ ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿಯವರ ಆತ್ಮಕಥನ ‘ನಡುವೆ ಸುಳಿವ ಹೆಣ್ಣು’ ಕೂಡ ಓದುಗರ ಮುಂದಿದೆ. 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠವು ವಯಸ್ಕರ ನಡುವಿನ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲವೆಂದು ಸಾರಿದ ಮೇಲೆ, ಸಾಹಿತ್ಯೋತ್ಸವಗಳಿಂದ ಈ ಲೇಖಕರಿಗೆ ಬರುವ ಆಹ್ವಾನಗಳೂ ಹೆಚ್ಚಿವೆ.

ಆಹ್ವಾನ ಯಾವುದಕ್ಕೆ ಬರುತ್ತಿದೆ ಎಂಬಲ್ಲಿಯೇ ತೊಡಕಿದೆ. ಕ್ವಿಯರ್ ಕಥೆಗಾರನನ್ನು ಸಣ್ಣಕಥೆಯ ಗೋಷ್ಠಿಗೆ ಕರೆಯುವುದಿಲ್ಲ. ಕಾದಂಬರಿಯ ಗೋಷ್ಠಿಗಾಗಲಿ, ಅನುವಾದದ ಗೋಷ್ಠಿಗಾಗಲಿ ಅವನ ಹೆಸರು ಸೂಚಿತವಾಗುವುದಿಲ್ಲ. ಅಸ್ಮಿತೆ, ಅಂಚು, ದನಿ ಎಂಬ ಪದಗಳಲ್ಲಿ ಒಂದಾದರೂ ಶೀರ್ಷಿಕೆಯಲ್ಲಿರುವ ಗೋಷ್ಠಿಯೊಂದನ್ನು ಸಮಾನಾಂತರ ವೇದಿಕೆಯಲ್ಲಿ, ಊಟದ ಹೊತ್ತಿಗೆ ತಾಗಿದಂತೆ ಏರ್ಪಡಿಸಿ, ಕಥೆಗಾರ, ಕವಯಿತ್ರಿ, ಹೋರಾಟಗಾರ್ತಿ, ವಕೀಲ, ಜೊತೆಗೊಬ್ಬ ಮನೋವೈದ್ಯರನ್ನು ಒಂದೇ ಸಾಲಿನಲ್ಲಿ ಕೂರಿಸಿ, ಐವರಿಗೂ ಸೇರಿ ಒಂದು ಗಂಟೆಯೊಳಗೆ ಮುಗಿಸಬೇಕೆಂದು ಚೀಟಿ ಕಳಿಸುವುದು ರೂಢಿಯಾಗಿದೆ. ಸಾಹಿತ್ಯದ ಗೋಷ್ಠಿಯಲ್ಲಿ ಮನೋವೈದ್ಯರು ಏಕಿರಬೇಕೆಂಬ ಪ್ರಶ್ನೆಗೆ ಯಾವ ಸಂಘಟಕರಿಂದಲೂ ಇದುವರೆಗೆ ಉತ್ತರ ಬಂದಿಲ್ಲ. ದಲಿತ ಲೇಖಕರ ಗೋಷ್ಠಿಗೆ ಕಂದಾಯ ಅಧಿಕಾರಿಯನ್ನೋ ಮಹಿಳಾ ಲೇಖಕಿಯರ ಗೋಷ್ಠಿಗೆ ಪ್ರಸೂತಿ ತಜ್ಞರನ್ನೋ ಕರೆಯುವ ಯೋಚನೆ ಯಾರಿಗೂ ಬರುವುದಿಲ್ಲ. ಇಲ್ಲಿ ಮಾತ್ರ ಅದು ಸಹಜವೆನಿಸಿಬಿಟ್ಟಿದೆ.

ಗೋಷ್ಠಿಯಲ್ಲಿ ಕೇಳುವ ಪ್ರಶ್ನೆಗಳು ಇದಕ್ಕಿಂತ ನೋವಿನವು. ಇದು ಮೊದಲು ತಿಳಿದದ್ದು ಯಾವ ವಯಸ್ಸಿನಲ್ಲಿ, ತಂದೆತಾಯಿ ಒಪ್ಪಿದರೇ, ಮದುವೆಯ ಒತ್ತಾಯವನ್ನು ಹೇಗೆ ತಪ್ಪಿಸಿಕೊಳ್ಳಲಾಯಿತು, ಕಥೆಯಲ್ಲಿ ಬರುವ ಗೆಳೆಯ ನಿಜವಾಗಿ ಯಾರು ಎಂದು ನಿರ್ವಾಹಕರು ಕೇಳುತ್ತಾರೆ. ಸಭಾಸದರು ಅದನ್ನೇ ಇನ್ನಷ್ಟು ಬಿಡಿಸಿ ಕೇಳುತ್ತಾರೆ. ಕಥೆ ಪ್ರಥಮ ಪುರುಷದಲ್ಲಿ ಏಕಿದೆ, ಬಳ್ಳಾರಿ ಸೀಮೆಯ ಮಾತು ಬೆಂಗಳೂರಿನ ಕಚೇರಿಯೊಳಗೆ ಬಂದಾಗ ಏನಾಯಿತು, ಕಥೆಯನ್ನು ಆ ವಾಕ್ಯಕ್ಕೇ ಏಕೆ ನಿಲ್ಲಿಸಲಾಯಿತು ಎಂಬ ಪ್ರಶ್ನೆ ಅಪರೂಪಕ್ಕೂ ಬರುವುದಿಲ್ಲ. ಕಲ್ಪಿತ ಕಥನವೆಂಬುದು ಲೇಖಕನು ಕಟ್ಟಿದ ಕೃತಿ, ಅದರೊಳಗಿನ ‘ನಾನು’ ಅವನೇ ಆಗಿರಬೇಕಾಗಿಲ್ಲ ಎಂಬುದು ಕನ್ನಡ ವಿಮರ್ಶೆಯ ಮೊದಲ ಪಾಠ. ಆ ಪಾಠವನ್ನು ಕ್ವಿಯರ್ ಕಥೆಗಾರನ ವಿಷಯದಲ್ಲಿ ಮಾತ್ರ ಕೈಬಿಟ್ಟು, ಅವನ ಕಥೆಯನ್ನು ಠಾಣೆಯಲ್ಲಿ ಬರೆದುಕೊಂಡ ಹೇಳಿಕೆಯಂತೆ ಓದಲಾಗುತ್ತಿದೆ.

ಹೀಗೆ ಓದುವುದರ ಪರಿಣಾಮ ವೇದಿಕೆಯನ್ನು ದಾಟಿ ಬರವಣಿಗೆಯ ಮೇಜಿನವರೆಗೆ ತಲುಪುತ್ತದೆ. ಸಲಿಂಗಿ ಪಾತ್ರವೊಂದನ್ನು ಸಣ್ಣ ಮನಸ್ಸಿನವನಾಗಿಯೋ ಸುಳ್ಳುಗಾರನಾಗಿಯೋ ಚಿತ್ರಿಸಿದರೆ ಸಮುದಾಯವೇ ಹಾಗೆ ಎಂದು ಜನ ತಿಳಿದಾರೆಂಬ ಅಂಜಿಕೆ ಹುಟ್ಟುತ್ತದೆ. ಒಳ್ಳೆಯ ಪಾತ್ರವನ್ನೇ ಬರೆದರೆ ಅದು ವಕೀಲಿಯಾಗುತ್ತದೆ. ಹೊಸ ಲೇಖಕರು ಕ್ರಮೇಣ ಗೋಷ್ಠಿಗೆ ಒಗ್ಗುವ ಕಥೆಯನ್ನು ಬರೆಯತೊಡಗುತ್ತಾರೆ: ಮಗ ಮನೆಯವರ ಮುಂದೆ ತನ್ನ ಒಲವನ್ನು ಹೇಳಿಕೊಳ್ಳುತ್ತಾನೆ, ತಂದೆ ಸಿಡುಕುತ್ತಾನೆ, ತಾಯಿ ಅಳುತ್ತಾಳೆ, ಕೊನೆಗೊಂದು ಆಶಾಕಿರಣ ಮೂಡುತ್ತದೆ. ಇಂಥ ಕಥೆಗಳು ಬೇಡವೆಂದಲ್ಲ. ಆದರೆ ಉತ್ಸವದ ಬೇಡಿಕೆಯೇ ಒಂದು ಭಾಷೆಯ ಇಡೀ ಕಥನಪ್ರಕಾರದ ಕಥಾವಸ್ತುವನ್ನು ಗೊತ್ತುಮಾಡುವ ಸ್ಥಿತಿ ಬಂದರೆ, ಆ ಪ್ರಕಾರ ಬೆಳೆಯುವ ಮೊದಲೇ ಮುರುಟಿಹೋಗುತ್ತದೆ. ‘ಮೋಹನಸ್ವಾಮಿ’ಯನ್ನು ಬರೆದ ಕೈಯೇ 2019ರಲ್ಲಿ ಲಿಸ್ಬನ್, ಗೋವಾ, ವಿಜಯನಗರಗಳನ್ನು ಹೆಣೆದ ‘ತೇಜೋ ತುಂಗಭದ್ರಾ’ ಎಂಬ ಐತಿಹಾಸಿಕ ಕಾದಂಬರಿಯನ್ನು ಬರೆಯಿತು, ಅದಕ್ಕೂ ಮೊದಲು ‘ನಮ್ಮಮ್ಮ ಅಂದ್ರೆ ನಂಗಿಷ್ಟ’ದ ಪ್ರಬಂಧಗಳನ್ನು ಬರೆದಿತ್ತು ಎಂಬುದನ್ನು ಸಂಘಟಕರು ಮರೆಯಬಾರದು, ಒಬ್ಬ ಲೇಖಕನ ಹರಹು ಅವನ ಒಲವಿನ ಅಳತೆಗೆ ಸಿಕ್ಕುವಂಥದ್ದಲ್ಲ.

ಆತ್ಮಕಥನಗಳ ಪಾಡು ಇನ್ನೊಂದು ಬಗೆಯದು. ಮಂಗಳಮುಖಿಯರ, ಜೋಗತಿಯರ ಬದುಕನ್ನು ಒಬ್ಬರು ಹೇಳಿ ಇನ್ನೊಬ್ಬರು ನಿರೂಪಿಸಿದ ಕೃತಿಗಳನ್ನು ಸಮಾಜಶಾಸ್ತ್ರದ ಸಾಮಗ್ರಿಯೆಂದು ಬದಿಗಿಟ್ಟು, ಅವುಗಳ ಮಾತಿನ ಲಯ, ಎಲ್ಲಮ್ಮನ ಕಥೆ ಹಾಡಿ ಪಳಗಿದ ನಾಲಗೆಯ ನಿರೂಪಣಾ ಕ್ರಮ, ನಗೆ ಮತ್ತು ಗೋಳು ಒಂದೇ ಉಸಿರಿನಲ್ಲಿ ಬರುವ ರೀತಿ ಇವುಗಳನ್ನು ಯಾರೂ ಚರ್ಚಿಸುವುದಿಲ್ಲ. ಹಾಡುವ ಪರಂಪರೆಯಿಂದ ಬಂದವರಿಗೆ ಶಿಲ್ಪದ ಪ್ರಜ್ಞೆ ಇರಲಾರದೆಂಬ ಊಹೆ ಇದರ ಹಿಂದಿದೆ, ಮತ್ತು ಅದು ತಪ್ಪು ಊಹೆ.

ಕೃತಿಯನ್ನು ಓದುವುದೆಂದರೇನೆಂಬುದಕ್ಕೆ ಒಂದು ಹಳೆಯ ನಿದರ್ಶನವಿದೆ. ಹೆಂಗಸರಿಬ್ಬರ ನಡುವಿನ ಒಲವನ್ನು ಸೂಚಿಸುವ, ಇಸ್ಮತ್ ಚುಗ್ತಾಯಿಯವರ ‘ಲಿಹಾಫ್’ ಎಂಬ ಉರ್ದು ಕಥೆ 1942ರಲ್ಲಿ ಪ್ರಕಟವಾಗಿ, ಲಾಹೋರಿನ ನ್ಯಾಯಾಲಯದಲ್ಲಿ ಅದರ ಮೇಲೆ ಅಶ್ಲೀಲತೆಯ ಮೊಕದ್ದಮೆ ನಡೆದಾಗ, ಕಥೆಯೊಳಗಿನ ಯಾವ ಪದ ಅಶ್ಲೀಲವೆಂದು ತೋರಿಸಲು ಆರೋಪಿಸಿದವರಿಗೆ ಸಾಧ್ಯವಾಗದೆ ಮೊಕದ್ದಮೆ ಬಿದ್ದುಹೋಯಿತು. ಆ ಕಥೆಯನ್ನು ದ್ವೇಷಿಸಿದವರು ಕೂಡ ಅದನ್ನು ಪದಪದವಾಗಿ ಓದಬೇಕಾಯಿತು. ಇಂದು ಆದರದಿಂದ ಕರೆದು ಶಾಲು ಹೊದಿಸುವವರಲ್ಲಿ ಎಷ್ಟೋ ಮಂದಿ ಪುಸ್ತಕದ ಹಿಂಬದಿಯ ಬರಹವನ್ನಷ್ಟೇ ಓದಿ ಬಂದಿರುತ್ತಾರೆ. ಈ ಮಾತು ಕಟುವಾದರೂ ಹಲವರ ಅನುಭವದಿಂದ ಬಂದುದು.

ಪ್ರತ್ಯೇಕ ಗೋಷ್ಠಿಯ ಬಗೆಗೇ ಒಂದು ಹಳೆಯ ವಾದವಿದೆ. 1979ರ ಧರ್ಮಸ್ಥಳದ ಕನ್ನಡ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಪ್ರತ್ಯೇಕ ಗೋಷ್ಠಿ ಬೇಕೆಂಬ ಬೇಡಿಕೆ ತಿರಸ್ಕೃತವಾದದ್ದರಿಂದಲೇ ಅದೇ ವರ್ಷ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ನಡೆಯಿತು. ಆದ್ದರಿಂದ ಗೋಷ್ಠಿ ಬೇಡವೆನ್ನುವ ಹಕ್ಕು ಯಾರಿಗೂ ಇಲ್ಲವೆಂದು ಈ ಸಮಾವೇಶದಲ್ಲಿಯೇ ಹಿಂದೊಮ್ಮೆ ವಾದಿಸಲಾಯಿತು. ಪ್ರಧಾನ ವೇದಿಕೆಯಲ್ಲಿ ಒಂದು ಸ್ಥಾನವನ್ನೂ ಕೊಡದ ಉತ್ಸವದ ಅಸ್ಮಿತೆ ಗೋಷ್ಠಿಯನ್ನು ನಿರಾಕರಿಸಬೇಕೆಂದು ಇಂದಿನ ಅಧ್ಯಕ್ಷರು ಅಂದು ಮಂಡಿಸಿದ ಠರಾವು ಬಿದ್ದುಹೋಯಿತು, ಅದನ್ನು ಬೀಳಿಸಿದವರಲ್ಲಿ ಹಲವರು ಈ ಸಭೆಯಲ್ಲಿಯೇ ಕುಳಿತಿದ್ದಾರೆ. ಸಿಕ್ಕಿದ್ದನ್ನು ಮೊದಲು ಹಿಡಿಯೋಣ, ಉಳಿದದ್ದು ತಾನಾಗಿ ಬರುತ್ತದೆ ಎಂಬುದು ಅವರ ಭರವಸೆಯಾಗಿತ್ತು. ಉಳಿದದ್ದು ಬರಲಿಲ್ಲ. 1979ರಲ್ಲಿ ಕೇಳಿದ್ದು ಮುಚ್ಚಿದ ಬಾಗಿಲನ್ನು ತೆರೆಸುವುದಕ್ಕೆ. ಇಂದು ಸಿಕ್ಕಿರುವುದು ಪಡಸಾಲೆಗೆ ಹೋಗಲು ದಾರಿಯಿಲ್ಲದ ಪಕ್ಕದ ಕೋಣೆ. ಎರಡನ್ನೂ ಒಂದೆಂದು ಭಾವಿಸಿದ್ದು ಆ ವಾದದ ದೋಷ, ಮತ್ತು ಅದನ್ನು ಈಗಲಾದರೂ ಒಪ್ಪಿಕೊಳ್ಳುವುದು ಅಗತ್ಯ.

ಆದ್ದರಿಂದ ಉತ್ಸವಗಳ ಸಂಘಟಕರ ಮುಂದೆ ಕೆಲವು ಬೇಡಿಕೆಗಳನ್ನು ಇಡಬೇಕಾಗಿದೆ. ಗೋಷ್ಠಿಯ ಶೀರ್ಷಿಕೆ, ನಿರ್ವಾಹಕರ ಮತ್ತು ಸಹಭಾಷಣಕಾರರ ಹೆಸರು, ವೇಳೆ, ಗೌರವಧನ ಇವೆಲ್ಲವೂ 30 ದಿನ ಮೊದಲು ಲಿಖಿತವಾಗಿ ಲೇಖಕರ ಕೈಸೇರಬೇಕು. ಅಸ್ಮಿತೆಯ ಗೋಷ್ಠಿಗೆ ಕರೆದವರನ್ನು ಅದೇ ಉತ್ಸವದ ಇನ್ನೊಂದು ಸಾಹಿತ್ಯಿಕ ಗೋಷ್ಠಿಗೂ ಕರೆಯಬೇಕು. ಇಲ್ಲವಾದಲ್ಲಿ ಆಹ್ವಾನವನ್ನು ಒಪ್ಪಬಾರದು. ನಿರ್ವಾಹಕರು ಭಾಗವಹಿಸುವ ಪ್ರತಿಯೊಬ್ಬರ ಒಂದು ಕೃತಿಯನ್ನಾದರೂ ಪೂರ್ತಿಯಾಗಿ ಓದಿರಬೇಕು. ಖಾಸಗಿ ಬದುಕನ್ನು ಕೆದಕುವ ಪ್ರಶ್ನೆಯನ್ನು ತಡೆಯುವ ಹೊಣೆ ನಿರ್ವಾಹಕರದಾಗಬೇಕೇ ಹೊರತು ಉತ್ತರಿಸುವವರದಲ್ಲ. ವಸತಿಯನ್ನು ಗಂಡು ಹೆಣ್ಣು ಎಂದು ವಿಂಗಡಿಸಿ ಹಾಸ್ಟೆಲು, ಕಲ್ಯಾಣ ಮಂಟಪಗಳಲ್ಲಿ ಹಂಚುವಾಗ, ಟ್ರಾನ್ಸ್ ಲೇಖಕರು ಎಲ್ಲಿ ತಂಗಬೇಕೆಂಬುದನ್ನು ಅವರನ್ನೇ ಕೇಳಿ ನಿರ್ಧರಿಸಬೇಕು, ಗುರುತಿನ ಪ್ರಮಾಣಪತ್ರವನ್ನು ಕೇಳಬಾರದು.

ಗುಪ್ತನಾಮದಲ್ಲಿ ಬರೆಯುವವರ ವಿಷಯ ವಿಶೇಷವಾಗಿ ಪರಿಶೀಲನೆಗೆ ಬರಬೇಕು. ತಾಲ್ಲೂಕಿನ ಶಾಲೆಯಲ್ಲಿ ಪಾಠ ಹೇಳುವ ಲೇಖಕಿಯೊಬ್ಬಳು ಉತ್ಸವಕ್ಕೆ ಬರಲು ಅನ್ಯಕಾರ್ಯ ನಿಮಿತ್ತ ರಜೆಯ ಹಾಜರಿ ಪತ್ರ ಬೇಕಾಗುತ್ತದೆ. ಅದರಲ್ಲಿ ನಿಜನಾಮವೂ ಗೋಷ್ಠಿಯ ಶೀರ್ಷಿಕೆಯೂ ಒಟ್ಟಿಗೆ ಅಚ್ಚಾದರೆ ಅವಳ ಗುಟ್ಟು ಮುಖ್ಯೋಪಾಧ್ಯಾಯರ ಮೇಜಿನ ಮೇಲೆ ಬೀಳುತ್ತದೆ. ಹಾಜರಿ ಪತ್ರದಲ್ಲಿ ಗೋಷ್ಠಿಯ ಹೆಸರನ್ನು ಬಿಡುವುದಕ್ಕೆ ಒಂದು ಸಾಲಿನ ಬದಲಾವಣೆ ಸಾಕು. ಛಾಯಾಚಿತ್ರಕ್ಕೂ ನೇರಪ್ರಸಾರಕ್ಕೂ ಮುಂಚಿತವಾದ ಒಪ್ಪಿಗೆ ಬೇಕು. ಹೆಣ್ಣು ಹೆಣ್ಣನ್ನು ಪ್ರೀತಿಸುವ ಕಥೆಗಳು, ಟ್ರಾನ್ಸ್ ಪುರುಷರ ಕಥೆಗಳು ಕನ್ನಡದಲ್ಲಿ ಇಷ್ಟು ವಿರಳವಾಗಿರುವುದಕ್ಕೆ ಗುಟ್ಟು ಬಯಲಾಗುವ ಈ ಭಯವೂ ಒಂದು ಕಾರಣ.

ಇವಲ್ಲದೆ ದೊಡ್ಡ ಆಸೆಗಳೂ ಇವೆ. ಸರ್ಕಾರಿ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ 2021ರಲ್ಲಿ ಶೇ. 1ರ ಮೀಸಲಾತಿ ಕೊಟ್ಟ ರಾಜ್ಯವು ಅವರ ಪುಸ್ತಕಗಳನ್ನೂ ಗ್ರಂಥಾಲಯಗಳ ಸಗಟು ಖರೀದಿಯಲ್ಲಿ ಸೇರಿಸಿ ಪ್ರತಿ ತಾಲ್ಲೂಕಿಗೆ ಮುಟ್ಟಿಸಲಿ. ತಮಿಳು, ಮಲಯಾಳಂ, ಮರಾಠಿಗಳ ಕ್ವಿಯರ್ ಕಥನ ಇಂಗ್ಲಿಷಿನ ಸುತ್ತುದಾರಿಯಿಲ್ಲದೆ ಕನ್ನಡಕ್ಕೆ ಬರಲು ಒಂದು ಅನುವಾದ ನಿಧಿ ಹುಟ್ಟಲಿ. ಪದವಿ ತರಗತಿಯ ಪಠ್ಯದಲ್ಲಿ ಇಂಥದೊಂದು ಕಥೆ ಯಾವ ಪೀಠಿಕೆಯೂ ಇಲ್ಲದೆ, ಉಳಿದ ಕಥೆಗಳ ನಡುವೆ ಅಚ್ಚಾಗಲಿ.

ಆಹ್ವಾನ, ವಸತಿ ಮತ್ತು ಗುಪ್ತನಾಮಗಳಿಗೆ ಸಂಬಂಧಿಸಿದ ಬೇಡಿಕೆಗಳನ್ನು ಠರಾವಿನ ರೂಪದಲ್ಲಿ ನಾಳಿನ ಬಹಿರಂಗ ಅಧಿವೇಶನದಲ್ಲಿ ಮಂಡಿಸಲಾಗುವುದು. ತಿದ್ದುಪಡಿ ಸೂಚಿಸುವವರು ಇಂದು ಸಂಜೆಯ ಗೋಷ್ಠಿ ಮುಗಿಯುವುದರೊಳಗೆ ಬರಹದಲ್ಲಿ ಕೊಡತಕ್ಕದ್ದು. ಹಿಂದಿನ ಠರಾವನ್ನು ಬೀಳಿಸಿದವರ ತಿದ್ದುಪಡಿಗಳಿಗೂ ಅಷ್ಟೇ ಅವಕಾಶವಿದೆ.