ಭಯ ಮೊದಲು, ಕಾರಣ ಆಮೇಲೆ

1934ರ ಜನವರಿ 15ರ ಮಧ್ಯಾಹ್ನ ಬಿಹಾರದ ನೆಲ ನಡುಗಿತು. ಸಾವಿರಾರು ಜನ ಸತ್ತರು. ಅದರ ಬೆನ್ನಿಗೇ ಗಾಳಿಸುದ್ದಿಗಳು ಎದ್ದವು. ಪಾಟ್ನಾಕ್ಕೆ ಭಾರೀ ಚಂಡಮಾರುತ ಬರುತ್ತದಂತೆ, ಗ್ರಹಣದ ದಿನ ಭೂಮಿ ಮತ್ತೆ ನಡುಗುತ್ತದಂತೆ, ಫೆಬ್ರವರಿ 26ಕ್ಕೆ ಪ್ರಳಯವಂತೆ. ಜಮುನಾ ಪ್ರಸಾದ್ ಎಂಬ ಮನಶ್ಶಾಸ್ತ್ರಜ್ಞರು ಇವನ್ನು ಕಲೆಹಾಕಿ ಮರುವರ್ಷ ಪ್ರಕಟಿಸಿದರು.

ಅಮೆರಿಕದ ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ ಅದನ್ನು ಓದಿ ತಲೆ ಕೆಡಿಸಿಕೊಂಡರು. ನೆಲ ನಡುಗಿದ್ದು ಗೊತ್ತಾದರೂ ಹಾನಿಯೇನೂ ಆಗದ ಊರಿನವರು ಇನ್ನೂ ದೊಡ್ಡ ಕೇಡಿನ ಸುದ್ದಿಯನ್ನು ಏಕೆ ನಂಬಬೇಕು? ಭಯ ಆಗಲೇ ಒಳಹೊಕ್ಕಿತ್ತು, ಅದಕ್ಕೆ ತಕ್ಕ ಕಾರಣ ಕಣ್ಣೆದುರು ಇರಲಿಲ್ಲ, ಸುದ್ದಿ ಆ ಕಾರಣವನ್ನು ಒದಗಿಸಿತು. ಇದು 1957ರ ಅವರ ಪುಸ್ತಕದಲ್ಲಿರುವ ವಿವರಣೆ. ಡಾರ್ಜಿಲಿಂಗ್‌ನಲ್ಲಿ ಭೂಕುಸಿತದ ಹಾನಿಯನ್ನು ಕಣ್ಣಾರೆ ಕಂಡವರ ನಡುವೆ ಇಂಥ ಸುದ್ದಿ ಹಬ್ಬಲಿಲ್ಲವೆಂದು ಮನಶ್ಶಾಸ್ತ್ರಜ್ಞ ದುರ್ಗಾನಂದ ಸಿನ್ಹಾ ಆಗಲೇ ಬರೆದಿದ್ದರು.

2012ರ ಆಗಸ್ಟ್‌ನಲ್ಲಿ ಬೆಂಗಳೂರು ರೈಲು ನಿಲ್ದಾಣ ಊರು ಬಿಟ್ಟು ಓಡುತ್ತಿದ್ದ ಈಶಾನ್ಯ ರಾಜ್ಯಗಳ ಹುಡುಗ ಹುಡುಗಿಯರಿಂದ ತುಂಬಿಹೋಯಿತು. ಅಸ್ಸಾಂ ಗಲಭೆಯ ಭಯ ಅವರ ಮನಸ್ಸಿನಲ್ಲಿತ್ತು. ನಿಮ್ಮ ಮೇಲೆ ದಾಳಿ ನಡೆಯುತ್ತದೆಂದು ಮೊಬೈಲಿಗೆ ಬಂದ ಮೆಸೇಜು ಆ ಭಯಕ್ಕೆ ದಿನಾಂಕ ಕೊಟ್ಟಿತು, ಜಾಗ ಕೊಟ್ಟಿತು. ಅವರನ್ನು ದಡ್ಡರೆನ್ನಲು ನನಗೆ ಮನಸ್ಸಿಲ್ಲ.

ಓದಿದವರ ತರ್ಕವೂ ಹೀಗೇ ಎಡವುತ್ತದೆ. 1966ರಲ್ಲಿ ಲಂಡನ್ನಿನ ಪೀಟರ್ ವೇಸನ್ ಒಂದು ಒಗಟನ್ನು ಪ್ರಕಟಿಸಿದರು. ನಾಲ್ಕು ಕಾರ್ಡು, ಪ್ರತಿಯೊಂದರ ಒಂದು ಬದಿ ಅಕ್ಷರ, ಇನ್ನೊಂದು ಬದಿ ಸಂಖ್ಯೆ. ಕಾಣುವುದು ಇಷ್ಟು: ಒಂದು ಸ್ವರ, ಒಂದು ವ್ಯಂಜನ, 4, 7. ನಿಯಮ: ಒಂದು ಬದಿ ಸ್ವರವಿದ್ದರೆ ಇನ್ನೊಂದು ಬದಿ ಸಮಸಂಖ್ಯೆ ಇರಬೇಕು. ಇದು ನಿಜವೇ ಎಂದು ತಿಳಿಯಲು ಯಾವ ಕಾರ್ಡುಗಳನ್ನು ತಿರುಗಿಸುತ್ತೀರಿ? ಹೆಚ್ಚಿನವರು ಸ್ವರವನ್ನೂ 4ನ್ನೂ ಆರಿಸುತ್ತಾರೆ. ತಿರುಗಿಸಬೇಕಾದದ್ದು ಸ್ವರ ಮತ್ತು 7. 7ರ ಹಿಂದೆ ಸ್ವರವಿದ್ದರೆ ನಿಯಮ ಸುಳ್ಳು. ನಮ್ಮ ಮಾತು ಸುಳ್ಳಾಗಬಹುದಾದ ಕಡೆ ನಾವು ಹುಡುಕುವುದೇ ಇಲ್ಲ.

ಅದನ್ನು ಇನ್ನೊಬ್ಬರು ಹುಡುಕುತ್ತಾರೆ. ಇದೇ ಒಗಟಿನ ಮೇಲಿನ 1998ರ ಒಂದು ಅಧ್ಯಯನದಲ್ಲಿ ಒಬ್ಬೊಬ್ಬರೇ ಕುಳಿತ ವಿದ್ಯಾರ್ಥಿಗಳಲ್ಲಿ ಹತ್ತರಲ್ಲಿ ಒಬ್ಬರಷ್ಟೇ ಸರಿಯುತ್ತರ ಕೊಟ್ಟರು. ಐದಾರು ಜನ ಕೂಡಿ ಚರ್ಚಿಸಿದಾಗ ನಾಲ್ಕು ಗುಂಪುಗಳಲ್ಲಿ ಮೂರು ಗೆದ್ದವು. ಬುದ್ಧಿವಂತನೊಬ್ಬ ಹೇಳಿಕೊಟ್ಟದ್ದರಿಂದ ಮಾತ್ರ ಹೀಗಾದದ್ದಲ್ಲ. ಯಾರಿಗೂ ಮೊದಲು ಉತ್ತರ ಗೊತ್ತಿರದ ಗುಂಪುಗಳೂ ವಾದಿಸಿ ವಾದಿಸಿ ಅಲ್ಲಿಗೆ ಮುಟ್ಟಿದವು.

ಆದರೂ ಪಿತೂರಿ ಕಥೆಗಳನ್ನು ಗಟ್ಟಿಯಾಗಿ ನಂಬಿದವರ ಮನಸ್ಸು ಬದಲಾಗುವುದೇ ಇಲ್ಲವೆಂಬ ಮಾತಿದೆ. 2024ರಲ್ಲಿ ಅಮೆರಿಕದ ಸಂಶೋಧಕರು ಅಂಥ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಕೃತಕ ಬುದ್ಧಿಮತ್ತೆಯ ಜೊತೆ ಮಾತಿಗೆ ಕೂರಿಸಿದರು. ನೀವೇಕೆ ಹೀಗೆ ನಂಬುತ್ತೀರಿ ಎಂದು ಮೊದಲು ಕೇಳಿ, ಅವರು ಕೊಟ್ಟ ಕಾರಣಕ್ಕೇ ಉತ್ತರ ಕೊಡಲಾಯಿತು. ನಂಬಿಕೆ ಸರಾಸರಿ ಶೇ. 20ರಷ್ಟು ಇಳಿಯಿತು. ಎರಡು ತಿಂಗಳ ನಂತರ ಮತ್ತೆ ವಿಚಾರಿಸಿದಾಗಲೂ ಆ ಇಳಿಕೆ ಹಾಗೆಯೇ ಉಳಿದಿತ್ತು.