ಮನೆಯ ಪಾಠ ಮತ್ತು ಹೆತ್ತವರ ಸಹನೆ

(ದೇವಾಲಯದ ಶತಮಾನೋತ್ಸವದ ಅಂಗವಾಗಿ ನಡೆದ ಕುಟುಂಬ ದಿನಾಚರಣೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ನೂರು ವರ್ಷ ತುಂಬಿದ ಈ ದೇವಾಲಯದ ಗೋಡೆ ಗೋಪುರಗಳ ಕುರಿತು ಮಾತನಾಡಲು ಇಂದು ಅನೇಕರಿದ್ದಾರೆ. ನಾನು ಆರಿಸಿಕೊಂಡಿರುವ ವಿಷಯ ಮನೆಯದು. ಮನೆಯಲ್ಲಿ ಪಾಠ ಹೇಳಿಕೊಡುವುದರಿಂದ ಮಕ್ಕಳಿಗಾಗುವ ಪ್ರಯೋಜನವನ್ನು ಎಲ್ಲರೂ ಬಲ್ಲರು. ಹೇಳಿಕೊಡುವ ಹೆತ್ತವರಿಗೆ ಏನಾಗುತ್ತದೆ ಎಂದು ವಿಚಾರಿಸುವವರು ವಿರಳ.

2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ವ್ಯಾಧಿಯ ನಿಮಿತ್ತ ಶಾಲೆಗಳು ಮುಚ್ಚಿದವಷ್ಟೆ. ನಮ್ಮ ರಾಜ್ಯದ ಒಂದರಿಂದ ಐದನೆಯ ತರಗತಿಯ ಮಕ್ಕಳು ಮರಳಿ ಶಾಲೆಯ ಮೆಟ್ಟಿಲು ಹತ್ತಿದ್ದು 2021ರ ಅಕ್ಟೋಬರಿನಲ್ಲಿ. ಆ ಒಂದೂವರೆ ವರ್ಷ ಅಡಿಗೆಮನೆಗಳೇ ಪಾಠಶಾಲೆಗಳಾದವು. ಮಗ್ಗಿ ತಪ್ಪಿದ ಮಗುವಿಗೆ ಮಧ್ಯಾಹ್ನ ಹೊಡೆದು, ಸಂಜೆ ಅದೇ ಮಗುವಿನ ಪಕ್ಕದಲ್ಲಿ ಜಪಸರಕ್ಕೆ ಮೊಣಕಾಲೂರಿದಾಗ ಬಾಯಿಂದ ಪ್ರಾರ್ಥನೆ ಹೊರಡಲಿಲ್ಲವೆಂದು ಹೇಳಿದ ತಾಯಂದಿರಿದ್ದಾರೆ. (ಪಾಪನಿವೇದನೆಯಲ್ಲಿ ಅಲ್ಲ, ದೇವಾಲಯದ ಅಂಗಳದಲ್ಲಿ ನಿಂತು ಹೇಳಿದ್ದು, ಆದುದರಿಂದಲೇ ಇಲ್ಲಿ ಆಡುತ್ತಿದ್ದೇನೆ.) ಆ ನಾಚಿಕೆಯನ್ನು ನಾನು ದೇವಕೃಪೆಯ ಆರಂಭವೆಂದೇ ಎಣಿಸುತ್ತೇನೆ.

ಮಕ್ಕಳಿಗೆ ಮೊದಲ ಹಾಗೂ ಪ್ರಧಾನ ಶಿಕ್ಷಕರು ಹೆತ್ತವರೇ ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರಿನಲ್ಲಿ ಸಾರಿತು. ಈ ಮಾತನ್ನು ನೀವು ಪೀಠದಿಂದ ಸಾಕಷ್ಟು ಸಲ ಕೇಳಿದ್ದೀರಿ. ಅದೇ ವರ್ಷ ಡಿಸೆಂಬರಿನಲ್ಲಿ, ಆಧುನಿಕ ಜಗತ್ತಿನಲ್ಲಿ ಧರ್ಮಸಭೆಯ ಸ್ಥಾನವನ್ನು ಕುರಿತ ಘೋಷಣೆಯಲ್ಲಿ, ಮಹಾಸಭೆ ಇನ್ನೊಂದು ಮಾತನ್ನೂ ಹೇಳಿತು: ಮಕ್ಕಳೂ ತಮ್ಮದೇ ರೀತಿಯಲ್ಲಿ ಹೆತ್ತವರ ಪಾವನೀಕರಣಕ್ಕೆ ನೆರವಾಗುತ್ತಾರೆ ಎಂಬುದು. ಇದು ಅಷ್ಟಾಗಿ ಯಾರ ಕಿವಿಗೂ ಬಿದ್ದಂತಿಲ್ಲ.

ಸಂತ ಝೆಲಿ ಮಾರ್ಟಿನ್ ಅವರ ಬಾಳನ್ನು ನೋಡಿರಿ. ಫ್ರಾನ್ಸ್ ದೇಶದ ಅಲೆನ್ಸೋನ್ ಪಟ್ಟಣದಲ್ಲಿ ಲೇಸ್ ಹೆಣಿಗೆಯ ಉದ್ಯಮ ನಡೆಸುತ್ತಿದ್ದ ಗೃಹಿಣಿ. ಲಿಸಿಯುವಿನ ಸಂತ ತೆರೇಸಮ್ಮನವರ ತಾಯಿ. ಹೆತ್ತ ಒಂಬತ್ತು ಮಕ್ಕಳಲ್ಲಿ ನಾಲ್ವರು ಎಳವೆಯಲ್ಲೇ ತೀರಿಕೊಂಡರು. ಉಳಿದ ಐವರು ಹೆಣ್ಣುಮಕ್ಕಳಲ್ಲಿ ಮೂರನೆಯವಳಾದ ಲಿಯೋನಿಗೆ ವಿದ್ಯೆ ಹತ್ತಲಿಲ್ಲ, ಹಠವೂ ಹೆಚ್ಚು. ಝೆಲಿಯವರ ಅಕ್ಕನೇ ಕನ್ಯಾಸ್ತ್ರೀಯಾಗಿದ್ದ ಮಠದ ಶಾಲೆಯಿಂದಲೂ ಅವಳನ್ನು ಹಿಂದಕ್ಕೆ ಕಳುಹಿಸಿದರು. ಮನೆಯಲ್ಲಿಯೇ ಕಲಿಸಬೇಕಾಯಿತು. ಆ ಕಾಲದ ಪತ್ರಗಳಲ್ಲಿ ತಾಯಿ ತಮ್ಮ ಕಳವಳವನ್ನು ಮುಚ್ಚಿಟ್ಟಿಲ್ಲ. ಸಂತರೂ ಬೇಸರಗೊಳ್ಳುತ್ತಾರೆ ಎಂಬುದು ನಮಗೆ ಸಮಾಧಾನದ ಸಂಗತಿ.

1877ರಲ್ಲಿ ನಿಜ ಹೊರಬಿತ್ತು. ಮನೆಯ ಸೇವಕಿ ಹುಡುಗಿಯನ್ನು ಗುಟ್ಟಾಗಿ ಬೆದರಿಸಿ ತನ್ನ ಹಿಡಿತದಲ್ಲಿಟ್ಟುಕೊಂಡಿದ್ದಳು. ಒರಟುತನದಿಂದ ಯಾರೂ ತಿದ್ದಿಕೊಳ್ಳುವುದಿಲ್ಲವೆಂಬುದು ಆಗ ತಾಯಿಗೆ ಕಣ್ಣಿಗೆ ಕಟ್ಟಿದಂತೆ ತಿಳಿಯಿತು. ಅಷ್ಟರಲ್ಲಿ ಎದೆಯ ಅರ್ಬುದರೋಗ ಅವರ ಬದುಕಿಗೆ ಗಡುವು ಹಾಕಿತ್ತು. ಉಳಿದ ಕೆಲವೇ ತಿಂಗಳು ಆ ಮಗಳನ್ನು ಸದಾ ಬಳಿಯಲ್ಲಿರಿಸಿಕೊಂಡು ಒಲವಿನಿಂದ ಗೆದ್ದರು. ಅವಳಿಗಾಗಿಯಾದರೂ ಬದುಕಬೇಕೆಂದು ಲೂರ್ದಿಗೆ ಯಾತ್ರೆ ಹೋದರು, ಗುಣವಾಗಲಿಲ್ಲ. ಆಗಸ್ಟ್ 28ರಂದು ಕಣ್ಮುಚ್ಚಿದರು. ಲಿಯೋನಿ ಮೂರು ಸಲ ಮಠ ಸೇರಿ ಹೊರಬಂದು, 1899ರಲ್ಲಿ ನಾಲ್ಕನೆಯ ಸಲ ಸೇರಿ, 1941ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ನೆಲೆನಿಂತಳು. ತಾಯಿ ಅದನ್ನು ಕಾಣಲಿಲ್ಲ. 2015ರಲ್ಲಿ ಝೆಲಿ ಮತ್ತು ಪತಿ ಲೂಯಿ ಅವರನ್ನು ಜೊತೆಯಾಗಿ ಸಂತರ ಸಾಲಿಗೆ ಸೇರಿಸಲಾಯಿತು.

ಸಂತ ಪೌಲರು ಸಹನೆಯನ್ನು ಪವಿತ್ರಾತ್ಮರ ಫಲಗಳಲ್ಲಿ ಒಂದೆಂದು ಎಣಿಸಿದ್ದಾರೆ. ಫಲವೆಂದ ಮೇಲೆ ಮಾಗುವ ತನಕ ಕಾಯಲೇಬೇಕು. ಹತ್ತು ಸಲ ಹೇಳಿದ ಲೆಕ್ಕವನ್ನು ಹನ್ನೊಂದನೆಯ ಸಲ ಮರೆಯುವ ಮಗುವಿನೆದುರು ಕುಳಿತಾಗ, ದೇವರು ನಮಗೆ ಎಷ್ಟು ಸಲ ಹೇಳಿಕೊಟ್ಟಿದ್ದಾರೆ ಎಂಬುದು ತಾನಾಗಿ ನೆನಪಾಗುತ್ತದೆ. ಆ ನೆನಪು ಎತ್ತಿದ ಕೈಯನ್ನು ಕೆಳಗಿಳಿಸುತ್ತದೆ. ತಪ್ಪಾಗಿ ಗದರಿಸಿದಾಗ ಮಗುವಿನ ಕ್ಷಮೆ ಕೇಳುವ ದೈನ್ಯವನ್ನೂ ಕೊಡುತ್ತದೆ. ಮಗುವಿನ ಕ್ಷಮೆ ಕೇಳಿದ ತಂದೆಯ ಗೌರವ ಕುಗ್ಗುವುದೆಂಬ ಭಯ ನಮ್ಮ ಗಂಡಸರಲ್ಲಿ ಇನ್ನೂ ಇದೆ. ಮಕ್ಕಳನ್ನು ಕೆಣಕಿ ಎದೆಗುಂದಿಸಬೇಡಿರೆಂದು ಸಂತ ಪೌಲರು ಕೊಲೊಸ್ಸೆಯವರಿಗೆ ಬರೆದದ್ದು ಮುಖ್ಯವಾಗಿ ತಂದೆಯಂದಿರಿಗೆ ಎಂಬುದನ್ನು ಅವರು ಗಮನಿಸಬೇಕು.

ಮಕ್ಕಳನ್ನು ಶಾಲೆ ಬಿಡಿಸಿರೆಂದು ನಾನು ಹೇಳುತ್ತಿಲ್ಲ. ದುಡಿದು ಬರುವ ಮನೆಗಳಲ್ಲಿ ಅದು ಸಾಧ್ಯವೂ ಅಲ್ಲ. ಸಂಜೆಯ ಅರ್ಧ ಗಂಟೆ ಸಾಕು, ದೂರದರ್ಶನ ನಂದಿರಲಿ, ಕೈಫೋನು ದೂರವಿರಲಿ. ಈ ವರ್ಷ ಪ್ರಥಮ ಪರಮಪ್ರಸಾದ ಸ್ವೀಕರಿಸುವ ಮಕ್ಕಳ ಧರ್ಮೋಪದೇಶದ ಒಂದು ಭಾಗವನ್ನು ಮನೆಯಲ್ಲಿಯೇ ಕಲಿಸಬೇಕೆಂದು ನಿಶ್ಚಯಿಸಿದ್ದೇವೆ. ಪಾಠದ ಹಾಳೆಗಳನ್ನು ಬರುವ ಭಾನುವಾರ ಮೊದಲ ಪೂಜೆಯ ನಂತರ ಕೊಡಲಾಗುವುದು. ತಂದೆತಾಯಿ ಇಬ್ಬರೂ ಬಂದು ಪಡೆಯತಕ್ಕದ್ದು.